ಕೋಶ ಸಿದ್ಧವಾಯಿತು, ದೇಹ ಒಪ್ಪಬೇಕಲ್ಲ?

2017ರ ಮಾರ್ಚ್ 16ರ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಸಂಚಿಕೆಯಲ್ಲಿ ಎರಡು ವರದಿಗಳು ಒಟ್ಟಿಗೆ ಅಚ್ಚಾದವು. ಎರಡರಲ್ಲೂ ಕಾಯಿಲೆ ಒಂದೇ. ವಯಸ್ಸಾದವರ ಕಣ್ಣಿನಲ್ಲಿ ಅಕ್ಷಿಪಟಲದ (ರೆಟಿನಾ) ನಡುಭಾಗ ಹಾಳಾಗುತ್ತಾ ಬಂದು, ಎದುರಿಗೆ ಕೂತವರ ಮುಖವೇ ಮಸುಕಾಗುವ ಮ್ಯಾಕ್ಯುಲರ್ ಡೀಜನರೇಷನ್. ಎರಡರಲ್ಲೂ ಚಿಕಿತ್ಸೆಗೆ ಇಟ್ಟ ಹೆಸರೂ ಒಂದೇ: ಆಕರಕೋಶ, ಅಂದರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಸ್ಟೆಮ್ ಸೆಲ್. ಎರಡರಲ್ಲೂ ಬಳಸಿದ್ದು ರೋಗಿಯ ಮೈಯಿಂದಲೇ ತೆಗೆದ ಕೋಶಗಳನ್ನು.

ಮೊದಲನೆಯದು ಜಪಾನಿನ ಕೋಬೆಯಿಂದ ಬಂದದ್ದು. 77 ವರ್ಷದ ಮಹಿಳೆಯೊಬ್ಬರ ಚರ್ಮದ ಚೂರಿನಿಂದ ಬೆಳೆಸಿದ ಅಕ್ಷಿಪಟಲದ ಪದರವನ್ನು ಅವರ ಒಂದು ಕಣ್ಣಿಗೆ ಕೂರಿಸಿದ್ದರು. ಒಂದು ವರ್ಷ ಕಳೆದರೂ ಆ ಪದರ ಇಟ್ಟಲ್ಲೇ ಇತ್ತು. ಗೆಡ್ಡೆ ಬೆಳೆದಿರಲಿಲ್ಲ, ದೇಹ ಅದನ್ನು ತಿರಸ್ಕರಿಸಿರಲಿಲ್ಲ. ದೃಷ್ಟಿ ಸುಧಾರಿಸಿರಲೂ ಇಲ್ಲ, ಕೆಟ್ಟಿರಲೂ ಇಲ್ಲ. ಎರಡನೆಯದು ಅಮೆರಿಕದ ಫ್ಲಾರಿಡಾದ್ದು. 72ರಿಂದ 88 ವಯಸ್ಸಿನ ಮೂವರು ಮಹಿಳೆಯರು ತಲಾ 5,000 ಡಾಲರ್ ಕೊಟ್ಟು ಒಂದು ಕ್ಲಿನಿಕ್ಕಿಗೆ ಹೋಗಿದ್ದರು. ಹೊಟ್ಟೆಯ ಕೊಬ್ಬಿನಿಂದ ತೆಗೆದ ಕೋಶಗಳನ್ನು ಎರಡೂ ಕಣ್ಣಿಗೆ ಒಂದೇ ದಿನ ಚುಚ್ಚಿದರು. ಕೆಲವೇ ದಿನಗಳಲ್ಲಿ ರಕ್ತಸ್ರಾವವಾಯಿತು, ಅಕ್ಷಿಪಟಲ ಕಿತ್ತುಬಂತು. ತಕ್ಕಮಟ್ಟಿಗೆ ಓಡಾಡಿಕೊಂಡಿದ್ದವರು ಹೆಚ್ಚುಕಡಿಮೆ ಕುರುಡರಾದರು.

ಆಕರಕೋಶದ ಬಗ್ಗೆ ಯಾರಾದರೂ ನನ್ನನ್ನು ಕೇಳಿದಾಗ ನಾನು ಈ ಒಂದು ಸಂಚಿಕೆಯಿಂದಲೇ ಶುರುಮಾಡುತ್ತೇನೆ. ಕೋಬೆಯಲ್ಲಿ ಆ ಕೆಲಸ ನಡೆಸಿದವರು ಮಸಾಯೊ ತಕಹಾಶಿ. ಕೋಶವೊಂದನ್ನು ಮನುಷ್ಯನ ಮೈಗೆ ಸೇರಿಸುವ ಮುನ್ನ ಎರಡು ಪ್ರಶ್ನೆಗಳಿಗೆ ಉತ್ತರ ಸಿಗಬೇಕು. ಇದು ನಿಜವಾಗಿ ಯಾವ ಕೋಶ? ದೇಹ ಇದನ್ನು ಏನೆಂದು ತಿಳಿಯುತ್ತದೆ? ಮೊದಲನೆಯದು ಕೋಶಜೀವಶಾಸ್ತ್ರದ ಪ್ರಶ್ನೆ, ಎರಡನೆಯದು ರೋಗನಿರೋಧಕ ಶಾಸ್ತ್ರದ್ದು. ತಕಹಾಶಿಯವರ ಇಡೀ ವೃತ್ತಿಜೀವನ ಈ ಎರಡರ ನಡುವೆ ಸಾಗಿದೆ. ಫ್ಲಾರಿಡಾದಲ್ಲಿ ಎರಡನ್ನೂ ಯಾರೂ ಸರಿಯಾಗಿ ಕೇಳಿಕೊಳ್ಳಲಿಲ್ಲ.

ತಕಹಾಶಿ ಮೂಲತಃ ಕಣ್ಣಿನ ಡಾಕ್ಟರು. ಕ್ಯೋಟೊ ವಿಶ್ವವಿದ್ಯಾಲಯದಲ್ಲಿ ಓದಿದವರು. 1995ರಲ್ಲಿ ನರಶಸ್ತ್ರಚಿಕಿತ್ಸಕ ಪತಿ ಜುನ್ ತಕಹಾಶಿಯವರೊಂದಿಗೆ ಅಮೆರಿಕದ ಸಾಲ್ಕ್ ಸಂಸ್ಥೆಗೆ ಹೋದರು. ಮಿದುಳಿನಲ್ಲೂ ಆಕರಕೋಶಗಳಿವೆ ಎಂಬ ಸಂಗತಿ ಆಗಿನ್ನೂ ಹೊಸದು. ಅಕ್ಷಿಪಟಲವೂ ಮಿದುಳಿನ ಒಂದು ಚಾಚು ತಾನೇ, ಹಾಗಿದ್ದರೆ ಅದನ್ನೂ ದುರಸ್ತಿ ಮಾಡಬಹುದಲ್ಲ ಎಂಬ ಆಲೋಚನೆ ಅವರಿಗೆ ಹೊಳೆದದ್ದು ಅಲ್ಲಿ. ಗಂಡ ಪಾರ್ಕಿನ್ಸನ್ ಕಾಯಿಲೆಯ ಕಡೆ ಹೊರಟರು, ಹೆಂಡತಿ ಕಣ್ಣಿನ ಕಡೆ.

ಅವರಿಗೆ ಬೇಕಾಗಿದ್ದ ಕಚ್ಚಾವಸ್ತು ಸಿಕ್ಕಿದ್ದು 2006ರಲ್ಲಿ. ಕ್ಯೋಟೊದ ಶಿನ್ಯಾ ಯಮನಾಕಾ ಮತ್ತು ಅವರ ಸಹೋದ್ಯೋಗಿ ಕಜುತೊಶಿ ತಕಹಾಶಿ (ಹೆಸರು ಒಂದೇ, ಸಂಬಂಧವಿಲ್ಲ) ಇಲಿಯ ಚರ್ಮದ ಕೋಶಕ್ಕೆ 24 ವಂಶವಾಹಿಗಳನ್ನು ಸೇರಿಸಿ, ಒಂದೊಂದಾಗಿ ಕಳೆಯುತ್ತಾ ಬಂದು, ಕೊನೆಗೆ ನಾಲ್ಕೇ ಸಾಕು ಎಂದು ಕಂಡುಕೊಂಡರು. ಆ ನಾಲ್ಕು ಸೇರಿದರೆ ಚರ್ಮವಾಗಿ ಪಳಗಿದ ಕೋಶ ತನ್ನ ಕಸುಬನ್ನು ಮರೆತು, ಭ್ರೂಣದ ಮೊದಲ ದಿನಗಳ ಸ್ಥಿತಿಗೆ ಮರಳುತ್ತದೆ. ಅಲ್ಲಿಂದ ಅದನ್ನು ಹೃದಯವಾಗಿಯೋ ನರವಾಗಿಯೋ ಕಣ್ಣಾಗಿಯೋ ಬೆಳೆಸಬಹುದು. ಇದೇ ಐಪಿಎಸ್ ಕೋಶ. ಮರುವರ್ಷ ಮನುಷ್ಯರ ಕೋಶದಲ್ಲೂ ಇದು ಸಾಧ್ಯವಾಯಿತು, 2012ರಲ್ಲಿ ಯಮನಾಕಾ ನೊಬೆಲ್ ಪಡೆದರು. ಜೊತೆಗೆ ಪ್ರಶಸ್ತಿ ಹಂಚಿಕೊಂಡ ಜಾನ್ ಗರ್ಡನ್, ಪಳಗಿದ ಕೋಶದ ಒಳಗೂ ಇಡೀ ಜೀವಿಯ ಸೂಚನೆಗಳು ಉಳಿದಿರುತ್ತವೆ ಎಂದು ಕಪ್ಪೆಗಳಲ್ಲಿ ತೋರಿಸಿದ್ದು 1962ರಲ್ಲಿ. ಯಮನಾಕಾ ಹುಟ್ಟಿದ್ದೂ ಅದೇ ವರ್ಷ.

ತಕಹಾಶಿ ಆರಿಸಿಕೊಂಡದ್ದು ಆರ್‌ಪಿಇ ಎಂಬ ಪದರವನ್ನು. ಬೆಳಕು ಹಿಡಿಯುವ ಕೋಶಗಳ ಬೆನ್ನಿಗೆ ಒಂದೇ ಕೋಶದ ದಪ್ಪದಲ್ಲಿ ಹಾಸಿಕೊಂಡಿರುವ ಕಂದುಗಪ್ಪು ಹಾಳೆ ಅದು. ಬೆಳಕಿನ ಕೋಶಗಳಿಗೆ ಅಡುಗೆಮನೆಯೂ ಅದೇ, ಅವು ದಿನವೂ ಉದುರಿಸುವ ಕಸ ಬಳಿಯುವ ಕೈಯೂ ಅದೇ. ಅದು ಸತ್ತರೆ ಮೇಲಿನವೂ ಸಾಯುತ್ತವೆ. ಈ ಆಯ್ಕೆಯ ಹಿಂದೆ ಜಾಣ್ಮೆಯಿದೆ. ಬೇಕಾದದ್ದು ಚಿಕ್ಕ ತುಂಡು. ಮೊದಲ ರೋಗಿಗೆ ಇಟ್ಟದ್ದು 1.3 ಮಿಲಿಮೀಟರ್ ಅಗಲ, 3 ಮಿಲಿಮೀಟರ್ ಉದ್ದದ ಹಾಳೆ. ಬಣ್ಣವಿರುವುದರಿಂದ ಯಾವುದು ಬೆಳೆದ ಕೋಶ, ಯಾವುದು ಬೆಳೆಯದೆ ಉಳಿದದ್ದು ಎಂದು ಕಣ್ಣಿಗೇ ಕಾಣುತ್ತದೆ. ಬೆಳೆಯದೆ ಉಳಿದ ಐಪಿಎಸ್ ಕೋಶ ಒಂದಿಷ್ಟು ಸೇರಿಕೊಂಡರೂ ಗೆಡ್ಡೆಯಾಗುವ ಭಯವಿದೆ, ಹಾಗಾಗಿ ಇದು ಸಣ್ಣ ಸಂಗತಿಯಲ್ಲ. ಜೊತೆಗೆ, ಏನಾದರೂ ಎಡವಟ್ಟಾದರೆ ಕಣ್ಣಿನ ಪಾಪೆಯ ಮೂಲಕ ನೇರವಾಗಿ ನೋಡಬಹುದು. ಯಕೃತ್ತಿನ ಒಳಗೆ ಹಾಗೆ ಇಣುಕಲಾಗುವುದಿಲ್ಲ.

2014ರ ಸೆಪ್ಟೆಂಬರಿನಲ್ಲಿ ಆ ಶಸ್ತ್ರಚಿಕಿತ್ಸೆ ನಡೆಯಿತು. ಐಪಿಎಸ್ ಕೋಶದಿಂದ ಬೆಳೆದ ಅಂಗಾಂಶ ಮನುಷ್ಯರ ಮೈ ಸೇರಿದ್ದು ಜಗತ್ತಿನಲ್ಲಿ ಅದೇ ಮೊದಲು. ಸರದಿಯಲ್ಲಿ ಎರಡನೆಯವರು 68 ವರ್ಷದ ಒಬ್ಬ ವ್ಯಕ್ತಿ. ಅವರ ಚರ್ಮದಿಂದಲೂ ಕೋಶ ತಯಾರಾಗಿತ್ತು. ಆದರೆ ಆ ಕೋಶಗಳ ವಂಶವಾಹಿಗಳಲ್ಲಿ ಮೂಲ ಚರ್ಮದಲ್ಲಿ ಕಾಣದಿದ್ದ ಬದಲಾವಣೆಗಳು ಕಂಡುಬಂದವು. ಅವು ಕೇಡು ಮಾಡುತ್ತವೆ ಎಂದು ಯಾರೂ ಸಾಬೀತು ಮಾಡಿರಲಿಲ್ಲ. ಆದರೂ ತಂಡ ಅಲ್ಲಿಗೇ ನಿಲ್ಲಿಸಿತು. ಇಡೀ ಜಗತ್ತು ನೋಡುತ್ತಿರುವಾಗ, ರೋಗಿ ಕಾದು ಕೂತಿರುವಾಗ, ಸಿದ್ಧವಾದ ಕೋಶವನ್ನು ಪಕ್ಕಕ್ಕಿಡುವುದು ಸುಲಭವಲ್ಲ. ತಕಹಾಶಿಯವರ ಕೆಲಸದಲ್ಲಿ ನನಗೆ ಅತ್ಯಂತ ದೊಡ್ಡದಾಗಿ ಕಾಣುವುದು ಮಾಡಿದ ಆ ಒಂದು ಶಸ್ತ್ರಚಿಕಿತ್ಸೆಗಿಂತ ಮಾಡದೆ ಬಿಟ್ಟ ಈ ಇನ್ನೊಂದು.

ಖರ್ಚಿನ ಮಾತೂ ಇದೆ. ಒಬ್ಬರೇ ರೋಗಿಗಾಗಿ ಕೋಶ ಬೆಳೆಸಿ, ಪರೀಕ್ಷಿಸಿ, ಹಾಳೆಯಾಗಿಸಲು ಸುಮಾರು 10 ಕೋಟಿ ಯೆನ್ ಆಯಿತು. ನಮ್ಮ ಲೆಕ್ಕದಲ್ಲಿ ಐದು ಕೋಟಿ ರೂಪಾಯಿಗೂ ಮೇಲೆ. ತಿಂಗಳುಗಟ್ಟಲೆ ಸಮಯ ಬೇರೆ. 'ನಿಮ್ಮದೇ ಕೋಶ, ನಿಮಗೇ ಔಷಧ' ಎಂಬ ಕನಸು ಈ ಲೆಕ್ಕದ ಮುಂದೆ ನಿಲ್ಲಲಿಲ್ಲ. ಬೇರೆಯವರ ಕೋಶ ಬಳಸದೆ ಗತ್ಯಂತರವಿಲ್ಲ ಎಂದಾಯಿತು. ಅಲ್ಲಿಂದ ಎರಡನೆಯ ಪ್ರಶ್ನೆ, ದೇಹ ಒಪ್ಪುತ್ತದೆಯೇ ಎಂಬುದು, ಎದುರಿಗೆ ಬಂದು ನಿಂತಿತು.

ಗಿಡಕ್ಕೂ ಅಂಗಕ್ಕೂ ಕನ್ನಡದಲ್ಲಿ ಒಂದೇ ಮಾತು: ಕಸಿ. ಶ್ರೀನಿವಾಸಪುರದ ಕಡೆ ನಾಟಿ ಮಾವಿನ ಸಸಿಗೆ ಬಾದಾಮಿಯ ಕುಡಿ ಸೇರಿಸಿ ಕಟ್ಟಿದವರು ಕೆಲವು ವಾರ ಕಾದು 'ಕಸಿ ಹಿಡಿಯಿತು' ಅನ್ನುತ್ತಾರೆ, ಇಲ್ಲವೇ 'ಹಿಡಿಯಲಿಲ್ಲ' ಅನ್ನುತ್ತಾರೆ. ಗಿಡದಲ್ಲಿ ಹಿಡಿಯುವುದೆಂದರೆ ಕುಡಿಯ ಒಳಪದರ ಬುಡದ ಒಳಪದರಕ್ಕೆ ಬೆಸೆದುಕೊಳ್ಳುವುದು. ಬೇರೆ ತಾಯಿಯ ಮಗುವನ್ನು ಹುಡುಕಿ ಹೊಡೆಯುವ ರಕ್ತಕಣ ಗಿಡಕ್ಕಿಲ್ಲ. ನಮಗಿದೆ.

ಇದನ್ನು ಮೊದಲು ಸ್ಪಷ್ಟವಾಗಿ ಕಂಡವರಲ್ಲಿ ಒಬ್ಬರು ಬ್ರಿಟನ್ನಿನ ಪೀಟರ್ ಮೆಡಾವರ್. ಎರಡನೆಯ ಮಹಾಯುದ್ಧದ ಹೊತ್ತಿಗೆ ಗ್ಲಾಸ್ಗೊದ ಆಸ್ಪತ್ರೆಯಲ್ಲಿ ಸುಟ್ಟಗಾಯದ ಮಹಿಳೆಯೊಬ್ಬರಿಗೆ ಅವರ ಸೋದರನ ಚರ್ಮ ಹಚ್ಚಿದ್ದರು. ಅದು ಕೆಲವು ದಿನ ಇದ್ದು ಉದುರಿತು. ಅದೇ ಸೋದರನ ಚರ್ಮವನ್ನು ಮತ್ತೆ ಹಚ್ಚಿದಾಗ ಇನ್ನೂ ಬೇಗ ಉದುರಿತು. ಅಂದರೆ ದೇಹ ಮೊದಲ ಭೇಟಿಯನ್ನು ನೆನಪಿಟ್ಟುಕೊಂಡಿತ್ತು. ನೆನಪಿಡುವುದು ಸೋಂಕಿನ ವಿರುದ್ಧ ಹೋರಾಡುವ ವ್ಯವಸ್ಥೆಯ ಗುಣ. ಹಾಗಾದರೆ ಚರ್ಮ ಕೊಳೆತದ್ದಲ್ಲ, ಅದನ್ನು ಹೊಡೆದು ಹಾಕಿದ್ದು. 1953ರಲ್ಲಿ ಮೆಡಾವರ್ ಮತ್ತು ಸಂಗಡಿಗರು ಇನ್ನೂ ಹುಟ್ಟದ ಇಲಿಮರಿಗಳಿಗೆ ಬೇರೆ ತಳಿಯ ಕೋಶ ಚುಚ್ಚಿ, ಅವು ದೊಡ್ಡವಾದ ಮೇಲೆ ಆ ತಳಿಯ ಚರ್ಮವನ್ನು ತಮ್ಮದೆಂದೇ ಒಪ್ಪಿಕೊಳ್ಳುತ್ತವೆ ಎಂದು ತೋರಿಸಿದರು. 'ನನ್ನದು' ಅನ್ನುವುದು ದೇಹ ಕಲಿಯುವ ಪಾಠ. ಕಲಿಸಲೂಬಹುದು ಎಂಬ ಆಸೆ ಮೊಳೆತದ್ದು ಆಗ.

ದೇಹ ಗುರುತು ಹಿಡಿಯುವ ಬಗೆ ಹೀಗಿದೆ. ಪ್ರತಿ ಕೋಶವೂ ತನ್ನೊಳಗೆ ತಯಾರಾಗುವ ಪ್ರೋಟೀನುಗಳ ಚೂರುಗಳನ್ನು ಹೊರಮೈಯ ಪುಟ್ಟ ತಟ್ಟೆಗಳಲ್ಲಿಟ್ಟು ತೋರಿಸುತ್ತಿರುತ್ತದೆ. ಟಿ ಕೋಶ ಎಂಬ ಬಿಳಿ ರಕ್ತಕಣಗಳು ಓಡಾಡುತ್ತಾ ಆ ತಟ್ಟೆಗಳನ್ನು ಮುಟ್ಟಿ ನೋಡುತ್ತವೆ. ತಟ್ಟೆಯಲ್ಲಿ ವೈರಸ್ಸಿನ ಚೂರಿದ್ದರೆ ಆ ಕೋಶವನ್ನು ಕೊಲ್ಲುತ್ತವೆ. ತಟ್ಟೆಯ ಆಕಾರವೇ ಅಪರಿಚಿತವಾಗಿದ್ದರೂ ಕೊಲ್ಲುತ್ತವೆ. ತಟ್ಟೆಯ ಆಕಾರ ಹೇಳುವ ವಂಶವಾಹಿಗಳ ಗುಂಪೇ ಎಚ್‌ಎಲ್‌ಎ; ಅಪ್ಪನಿಂದ ಒಂದು ಕಂತೆ, ಅಮ್ಮನಿಂದ ಒಂದು ಕಂತೆ. ಒಡಹುಟ್ಟಿದವರಿಬ್ಬರ ಕಂತೆಗಳು ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಹೊರಗಿನವರಲ್ಲಿ ಅದು ತೀರಾ ಅಪರೂಪ.

ಅಪರೂಪಕ್ಕೆ ಕೆಲವರಿಗೆ ಅಪ್ಪನಿಂದಲೂ ಅಮ್ಮನಿಂದಲೂ ಒಂದೇ ಕಂತೆ ಬಂದಿರುತ್ತದೆ. ಅಂಥವರ ಕೋಶದ ಮೇಲೆ ಒಂದೇ ಬಗೆಯ ತಟ್ಟೆಗಳು. ಆ ಕಂತೆ ಒಂದಾದರೂ ಇರುವ ಯಾರಿಗೇ ಕೊಟ್ಟರೂ ತಟ್ಟೆ ಪರಿಚಿತವೇ. ಯಮನಾಕಾ ಹಿಡಿದದ್ದು ಈ ಎಳೆಯನ್ನು. ಇಂಥ 140 ಬಗೆಯ ದಾನಿಗಳು ಸಿಕ್ಕರೆ ಜಪಾನಿನ ಶೇ 90 ಜನಕ್ಕೆ ಹೊಂದುವ ಕೋಶಗಳ ಉಗ್ರಾಣ ಕಟ್ಟಬಹುದು ಎಂದು ಅವರ ತಂಡ ಅಂದಾಜು ಮಾಡಿತು. ಏಳೇ ದಾನಿಗಳ ಕೋಶಗಳಿಂದ ಸುಮಾರು ಶೇ 40 ಜನರನ್ನು ತಲುಪಲು ಅವರಿಗೆ ಸಾಧ್ಯವಾಯಿತು. 2017ರ ಮಾರ್ಚಿನಲ್ಲೇ ತಕಹಾಶಿಯವರ ತಂಡ ಹೊಸ ಪ್ರಯೋಗ ಆರಂಭಿಸಿ, ಉಗ್ರಾಣದ ಕೋಶಗಳಿಂದ ಬೆಳೆಸಿದ ಆರ್‌ಪಿಇಯನ್ನು ಎಚ್‌ಎಲ್‌ಎ ಹೊಂದಿದ ಐವರು ರೋಗಿಗಳಿಗೆ ಕೊಟ್ಟಿತು. ಇಡೀ ದೇಹದ ರೋಗನಿರೋಧಕ ಶಕ್ತಿ ಕುಗ್ಗಿಸುವ ಮಾತ್ರೆಗಳಿಲ್ಲದೆಯೇ ಕಸಿ ಉಳಿಯಿತು. ಕಣ್ಣಿಗೆ ಒಂದು ರಿಯಾಯಿತಿ ಇದೆ ಎಂಬುದನ್ನು ಇಲ್ಲಿ ಹೇಳಲೇಬೇಕು. ಊತ ಬಂದರೆ ನೋಟವೇ ಹೋಗುವ ಜಾಗವಾದ್ದರಿಂದ ಅಲ್ಲಿ ರಕ್ತಕಣಗಳ ಅಬ್ಬರಕ್ಕೆ ದೇಹವೇ ಕಡಿವಾಣ ಹಾಕಿರುತ್ತದೆ. ಕಣ್ಣಿನಲ್ಲಿ ಗೆದ್ದದ್ದು ಎಲ್ಲೆಡೆ ಗೆಲ್ಲುತ್ತದೆ ಎನ್ನಲಾಗದು.

ಗೆಲ್ಲದ ಜಾಗ ಯಾವುದು ಎಂದು ತೋರಿಸುವುದು ಒಂದನೇ ಬಗೆಯ ಸಕ್ಕರೆ ಕಾಯಿಲೆ. ಮೇದೋಜ್ಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಕೋಶಗಳನ್ನು ಇಲ್ಲಿ ಸ್ವಂತ ಟಿ ಕೋಶಗಳೇ ಕೊಂದು ಹಾಕಿರುತ್ತವೆ. ಹೊಸದಾಗಿ ಕೊಟ್ಟ ಕೋಶಗಳಿಗೆ ಎರಡು ಕಡೆಯಿಂದ ಹೊಡೆತ: ಪರಕೀಯವೆಂಬ ಹೊಡೆತ ಒಂದು, ಹಳೆಯ ಹಗೆತನದ್ದು ಇನ್ನೊಂದು. 2025ರ ಜೂನಿನಲ್ಲಿ ಅಮೆರಿಕದ ವರ್ಟೆಕ್ಸ್ ಕಂಪನಿ ತನ್ನ ಪ್ರಯೋಗದ ಫಲಿತಾಂಶ ಪ್ರಕಟಿಸಿತು. ಭ್ರೂಣದ ಆಕರಕೋಶದಿಂದ ಬೆಳೆಸಿದ ಕೋಶಗಳನ್ನು ಪೂರ್ತಿ ಪ್ರಮಾಣದಲ್ಲಿ ಪಡೆದ 12 ಮಂದಿಯಲ್ಲಿ 10 ಮಂದಿ ವರ್ಷ ಕಳೆಯುವ ಹೊತ್ತಿಗೆ ಇನ್ಸುಲಿನ್ ಚುಚ್ಚಿಕೊಳ್ಳುವುದನ್ನು ಬಿಟ್ಟಿದ್ದರು. ಈ ಸುದ್ದಿ ಓದಿದ ದಿನ ನನಗೆ ನಿಜಕ್ಕೂ ರೋಮಾಂಚನವಾಗಿತ್ತು. ಇದರ ಹಿಂದೆ ಹಾರ್ವರ್ಡಿನ ಡಗ್ ಮೆಲ್ಟನ್ ಅವರ ದಶಕಗಳ ದುಡಿಮೆಯಿದೆ. ಎಳೆಯ ಮಗನಿಗೆ ಈ ಕಾಯಿಲೆ ಬಂದದ್ದೇ ಅವರನ್ನು ಈ ದಾರಿಗೆ ತಂದದ್ದು. ಆದರೆ ಅದೇ ವರದಿಯ ಇನ್ನೊಂದು ಸಾಲನ್ನು ಬಹಳ ಕಡೆ ಬಿಟ್ಟೇಬಿಟ್ಟರು. ಪ್ರಯೋಗದಲ್ಲಿದ್ದ ಎಲ್ಲರೂ ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧ ತೆಗೆದುಕೊಳ್ಳುತ್ತಿದ್ದರು, ಮತ್ತು ಭಾಗವಹಿಸಿದ್ದ 14 ಮಂದಿಯಲ್ಲಿ ಇಬ್ಬರು ತೀರಿಕೊಂಡರು. ಒಬ್ಬರ ಸಾವಿಗೆ ಕಾರಣ ಶಿಲೀಂಧ್ರದಿಂದ ಬರುವ ಮಿದುಳುಪೊರೆಯ ಸೋಂಕು. ಕೋಶಗಳು ನೇರವಾಗಿ ಯಾರನ್ನೂ ಕೊಲ್ಲಲಿಲ್ಲ ನಿಜ, ಆದರೆ ಅವುಗಳನ್ನು ಉಳಿಸಿಕೊಳ್ಳಲು ತೆರೆದಿಟ್ಟ ಬಾಗಿಲಿನಿಂದ ಏನು ಬೇಕಾದರೂ ಒಳಗೆ ಬರಬಹುದು. ದಿನಕ್ಕೆ ನಾಲ್ಕು ಬಾರಿ ಚುಚ್ಚಿಕೊಂಡೇ ಚೆನ್ನಾಗಿರುವ ಹುಡುಗಿಗೆ ಈ ಬದಲಾವಣೆ ಲಾಭವೇ? ಸದ್ಯಕ್ಕೆ ಬಹುಪಾಲು ಜನರಿಗೆ ಅಲ್ಲ.

ಚೀನಾದ ಕತೆಯೂ ಇಂಥದೇ. ಪೀಕಿಂಗ್ ವಿಶ್ವವಿದ್ಯಾಲಯದ ಡೆಂಗ್ ಹಾಂಗ್‌ಕುಯಿ ತಂಡ 25 ವರ್ಷದ ಯುವತಿಗೆ ಅವಳದೇ ಕೋಶಗಳಿಂದ ಬೆಳೆಸಿದ ಇನ್ಸುಲಿನ್ ಕೋಶಗಳನ್ನು ಕೊಟ್ಟಿತು. 75 ದಿನಗಳಲ್ಲಿ ಅವಳಿಗೆ ಇನ್ಸುಲಿನ್ ಬೇಡವಾಯಿತು. 2024ರಲ್ಲಿ ಸುದ್ದಿ ಎಲ್ಲೆಡೆ ಹರಡಿತು. ಆಕೆಗೆ ಮೊದಲೇ ಯಕೃತ್ತಿನ ಕಸಿಯಾಗಿದ್ದು, ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧದಲ್ಲಿ ಇದ್ದಳು ಎಂಬ ವಿವರ ಅಷ್ಟು ಹರಡಲಿಲ್ಲ. ಆ ಔಷಧ ಇರದಿದ್ದರೆ ಹಳೆಯ ಹಗೆತನ ಮರುಕಳಿಸುತ್ತಿತ್ತೋ ಇಲ್ಲವೋ, ಒಬ್ಬಳೇ ರೋಗಿಯಿಂದ ಹೇಳಲಾಗದು.

ಹಾಗಾಗಿ ಈಗ ಪೈಪೋಟಿ ನಡೆಯುತ್ತಿರುವುದು ಕೋಶ ಬೆಳೆಸುವುದರಲ್ಲಿ ಅಷ್ಟಾಗಿ ಅಲ್ಲ, ದೇಹವನ್ನು ಒಪ್ಪಿಸುವುದರಲ್ಲಿ. ಸ್ವೀಡನ್ನಿನ ಉಪ್ಸಾಲಾದಲ್ಲಿ 42 ವರ್ಷದ ವ್ಯಕ್ತಿಯ ಮುಂಗೈ ಸ್ನಾಯುವಿಗೆ ದಾನಿಯ ಇನ್ಸುಲಿನ್ ಕೋಶಗಳನ್ನು ಚುಚ್ಚುವ ಮೊದಲು, ವಂಶವಾಹಿ ತಿದ್ದಿ ಆ ತಟ್ಟೆಗಳನ್ನೇ ತೆಗೆದುಹಾಕಿದರು. ತಟ್ಟೆಯೇ ಇಲ್ಲದ ಕೋಶವನ್ನು ಕಂಡರೆ ಕೊಲ್ಲುವ ಇನ್ನೊಂದು ಜಾತಿಯ ರಕ್ತಕಣಗಳೂ ಇವೆ. ಅವುಗಳಿಗೆ 'ನನ್ನನ್ನು ತಿನ್ನಬೇಡ' ಎಂದು ಹೇಳುವ ಸಿಡಿ47 ಎಂಬ ಪ್ರೋಟೀನನ್ನು ಹೆಚ್ಚಿಸಿದರು. ಯಾವ ಔಷಧವೂ ಇಲ್ಲದೆ 12 ವಾರಗಳ ನಂತರವೂ ಆ ಕೋಶಗಳು ಬದುಕಿದ್ದವು, ಇನ್ಸುಲಿನ್ ಸ್ರವಿಸುತ್ತಿದ್ದವು ಎಂದು 2025ರ ಆಗಸ್ಟಿನಲ್ಲಿ ವರದಿಯಾಯಿತು. ಕೊಟ್ಟ ಪ್ರಮಾಣ ಕಡಿಮೆಯಾದ್ದರಿಂದ ಅವರು ಇನ್ಸುಲಿನ್ ಬಿಡುವಂತಿರಲಿಲ್ಲ. ನನಗೆ ಇದರಲ್ಲಿ ಒಂದು ಆತಂಕವಿದೆ. ಯಾರ ಕಣ್ಣಿಗೂ ಬೀಳದ ಕೋಶಕ್ಕೆ ಮುಂದೆ ಕ್ಯಾನ್ಸರ್ ಅಂಟಿದರೆ ಅದನ್ನು ಹಿಡಿಯುವವರು ಯಾರು? ತಕಹಾಶಿ ಆ 68 ವರ್ಷದವರ ಕೋಶಗಳನ್ನು ಪಕ್ಕಕ್ಕಿಟ್ಟ ಎಚ್ಚರ ಇಲ್ಲಿ ಇನ್ನಷ್ಟು ಬೇಕು.

ಇನ್ನೊಂದು ದಾರಿ ಕಲಿಸುವುದು. ಟಿ ಕೋಶಗಳಲ್ಲೇ ಒಂದು ಬಗೆ ಉಳಿದವುಗಳ ಕೈ ಹಿಡಿದು ತಡೆಯುತ್ತದೆ, ಮನೆಯ ಹಿರಿಯರು ಜಗಳ ಬಿಡಿಸಿದ ಹಾಗೆ. ಅವನ್ನು 1995ರಲ್ಲಿ ಗುರುತಿಸಿದ ಶಿಮೊನ್ ಸಕಗುಚಿ, ಅವುಗಳ ವಂಶವಾಹಿ ಕೀಲಿಯನ್ನು ಕಂಡ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ ಅವರಿಗೆ 2025ರ ನೊಬೆಲ್ ಬಂತು. ಕಸಿ ಮಾಡಿದ ಕೋಶದ ಜೊತೆಗೆ ಈ ಹಿರಿಯರನ್ನೂ ಕಳಿಸಿಕೊಟ್ಟರೆ ಹೇಗೆ ಎಂಬ ಪ್ರಯೋಗಗಳು ನಡೆಯುತ್ತಿವೆ. ಮೆಡಾವರ್ ಕಂಡ ಆಸೆಗೆ ಎಪ್ಪತ್ತು ವರ್ಷ ತಡವಾಗಿ ಕೈಕಾಲು ಮೂಡುತ್ತಿದೆ. ಇತ್ತ ಜುನ್ ತಕಹಾಶಿ ತಂಡ ಏಳು ಪಾರ್ಕಿನ್ಸನ್ ರೋಗಿಗಳ ಮಿದುಳಿಗೆ ಬೇರೆಯವರ ಐಪಿಎಸ್‌ನಿಂದ ಬೆಳೆಸಿದ ಕೋಶಗಳನ್ನು ಇಟ್ಟು, ಒಂದು ವರ್ಷದ ಮೇಲೆ ನಿರೋಧಕ ಶಕ್ತಿ ಕುಗ್ಗಿಸುವ ಮಾತ್ರೆಯನ್ನು ನಿಲ್ಲಿಸಿತು. ಎರಡು ವರ್ಷದ ಹೊತ್ತಿಗೆ ಕೋಶಗಳು, ಈ ಕಾಯಿಲೆಯಲ್ಲಿ ಕೊರತೆಯಾಗುವ ಡೋಪಮೈನ್ ಎಂಬ ರಾಸಾಯನಿಕವನ್ನು ತಯಾರಿಸುತ್ತಿದ್ದವು.

ಜಪಾನನ್ನು ಹೊಗಳುತ್ತಲೇ ಹೋಗುವಂತಿಲ್ಲ. 2014ರಿಂದ ಅಲ್ಲಿ ಇಂಥ ಚಿಕಿತ್ಸೆಗಳಿಗೆ ಷರತ್ತಿನ ಮೇಲೆ ಬೇಗ ಪರವಾನಗಿ ಸಿಗುತ್ತದೆ, ಫಲ ಕೊಡುತ್ತದೆಂದು ಆಮೇಲೆ ತೋರಿಸಿದರಾಯಿತು. 2015ರಲ್ಲಿ ಹಾಗೆ ಮಾರುಕಟ್ಟೆಗೆ ಬಂದ, ತೊಡೆಯ ಸ್ನಾಯುವಿನ ಕೋಶಗಳಿಂದ ಮಾಡಿದ ಹೃದಯದ ಹಾಳೆಗೆ 2024ರಲ್ಲಿ ಪೂರ್ಣ ಪರವಾನಗಿ ಸಿಗಲಿಲ್ಲ. ಅಷ್ಟು ವರ್ಷ ರೋಗಿಗಳು ಅದನ್ನು ಪಡೆದಿದ್ದರು.

ನಮ್ಮಲ್ಲಿ ಕಾಗದದ ಮೇಲಿನ ನಿಯಮ ಇನ್ನೂ ಬಿಗಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಪ್ರಕಾರ ರಕ್ತದ ಕೆಲವು ಕಾಯಿಲೆಗಳಿಗೆ ಮಾಡುವ ಮೂಳೆಮಜ್ಜೆ ಕಸಿಯಂಥ ಚಿಕಿತ್ಸೆ ಬಿಟ್ಟರೆ, ಆಕರಕೋಶದ ಬೇರೆಲ್ಲ ಬಳಕೆಯೂ ಪ್ರಯೋಗ ಮಾತ್ರ. ಆಟಿಸಂಗೆ ಆಕರಕೋಶ ಚಿಕಿತ್ಸೆ ಕೊಡುವುದು ವೃತ್ತಿಧರ್ಮಕ್ಕೆ ವಿರುದ್ಧ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರ ಡಿಸೆಂಬರಿನಲ್ಲಿ ಹೇಳಿತು. ಆದರೂ ಮಂಡಿನೋವು, ಸೆರೆಬ್ರಲ್ ಪಾಲ್ಸಿ, ಆಟಿಸಂ ಎಲ್ಲಕ್ಕೂ ಒಂದೇ ಸಿರಿಂಜಿನ ಜಾಹೀರಾತುಗಳು ಊರೂರಿನಲ್ಲಿ ಸಿಗುತ್ತವೆ. ಅವರು ಹೇಳುವ ಮೊದಲ ಮಾತು 'ನಿಮ್ಮದೇ ಕೋಶ, ಅಪಾಯವಿಲ್ಲ'. ಫ್ಲಾರಿಡಾದ ಆ ಮೂವರಿಗೆ ಚುಚ್ಚಿದ್ದೂ ಅವರದೇ ಕೋಶಗಳನ್ನು. ದೇಹ ಅವನ್ನು ಒಪ್ಪಿರಬಹುದು, ಆದರೆ ಕಣ್ಣಿನೊಳಗೆ ಏನಾಗಬೇಕೆಂದು ಕೊಬ್ಬಿನ ಕೋಶಕ್ಕೆ ಯಾರೂ ಕಲಿಸಿರಲಿಲ್ಲ. ಮಗುವನ್ನು ಎತ್ತಿಕೊಂಡು ಅಂಥ ಕಡೆ ಹೋಗುವ ತಾಯ್ತಂದೆಯರ ಮೇಲೆ ನನಗೆ ಸಿಟ್ಟಿಲ್ಲ. ಜಮೀನು ಮಾರಿಸಿಕೊಳ್ಳುವವರ ಮೇಲಿದೆ. ನಿಜವಾದ ಪ್ರಯೋಗವಾದರೆ ಅದು ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ (ಸಿಟಿಆರ್‌ಐ) ಇರುತ್ತದೆ, ಯಾರು ಬೇಕಾದರೂ ತೆರೆದು ನೋಡಬಹುದು. ಪ್ರಯೋಗಕ್ಕೆಂದು ರೋಗಿಯಿಂದ ಹಣ ಕೇಳುವಂತಿಲ್ಲ.

ಒಳ್ಳೆಯ ಕೆಲಸವೂ ಇಲ್ಲಿದೆ. ಹೈದರಾಬಾದಿನ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆ ಸುಣ್ಣ, ಆ್ಯಸಿಡ್ ಬಿದ್ದು ಸುಟ್ಟ ಕಣ್ಣಿಗೆ ಇನ್ನೊಂದು ಕಣ್ಣಿನ ಅಂಚಿನ ಆಕರಕೋಶ ಹಚ್ಚಿ ನೋಟ ಮರಳಿಸುವುದರಲ್ಲಿ ಜಗತ್ತಿಗೇ ದಾರಿ ತೋರಿಸಿದೆ. ಬೆಂಗಳೂರಿನಲ್ಲಿ ಇನ್‌ಸ್ಟೆಮ್ ಸಂಶೋಧನಾ ಸಂಸ್ಥೆಯಿದೆ. ಅದೇ ಊರಿನ ಐಸ್ಟೆಮ್ ಕಂಪನಿ, ತಕಹಾಶಿ ಆರಿಸಿದ ಅದೇ ಆರ್‌ಪಿಇ ಕೋಶಗಳನ್ನು ಬೆಳೆಸಿ, ಕಡಿಮೆ ಬೆಲೆಗೆ ಕೊಡುವ ಗುರಿಯಿಟ್ಟುಕೊಂಡು ಮನುಷ್ಯರ ಮೇಲಿನ ಪ್ರಯೋಗದ ಹಂತಕ್ಕೆ ಬಂದಿದೆ.

ಆದರೆ ಜಪಾನಿನಂಥ ಉಗ್ರಾಣ ನಮಗೆ ಬೇಕೆಂದರೆ ಲೆಕ್ಕ ಬೇರೆಯಾಗುತ್ತದೆ. ಸುಮಾರು ಎರಡು ಸಾವಿರ ವರ್ಷಗಳಿಂದ ಜಾತಿಯೊಳಗೇ ಮದುವೆಯಾಗುತ್ತಾ ಬಂದವರು ನಾವು. ಹೈದರಾಬಾದಿನ ಕೋಶ ಮತ್ತು ಅಣುಜೀವಶಾಸ್ತ್ರ ಕೇಂದ್ರ (ಸಿಸಿಎಂಬಿ) ಮತ್ತು ಹಾರ್ವರ್ಡಿನ ಸಂಶೋಧಕರು ಇದನ್ನು ವಂಶವಾಹಿಗಳಲ್ಲೇ ಓದಿದ್ದಾರೆ. ಎಚ್‌ಎಲ್‌ಎ ಕಂತೆಗಳು ಗುಂಪಿನಿಂದ ಗುಂಪಿಗೆ ಬದಲಾಗುತ್ತವೆ. 140ಕ್ಕೆ ಮುಗಿಯುವ ಮಾತಲ್ಲ. ಇನ್ನೊಂದು ಕಡೆ, ಸೋದರಮಾವನಿಗೋ ಅವನ ಮಗನಿಗೋ ಹೆಣ್ಣು ಕೊಡುವ ನಮ್ಮ ದಕ್ಷಿಣದ ರೂಢಿಯಿಂದಾಗಿ, ಎರಡೂ ಕಡೆಯಿಂದ ಒಂದೇ ಕಂತೆ ಪಡೆದವರು ಇಲ್ಲಿ ಸಿಗುವ ಸಾಧ್ಯತೆ ಹೆಚ್ಚು. ಎಷ್ಟೋ ಮಕ್ಕಳಿಗೆ ಅನುವಂಶೀಯ ಕಾಯಿಲೆ ತಂದ ರೂಢಿಯೇ ಈ ಒಂದು ಕಡೆ ಉಪಕಾರಕ್ಕೆ ಬರಬಹುದು. ಅದಕ್ಕೆ ಮೊದಲು ಯಾರಲ್ಲಿ ಯಾವ ಕಂತೆಯಿದೆ ಎಂದು ತಿಳಿಯಬೇಕು.

ಆ ಮಾಹಿತಿ ಇಂದೇ ಬೇಕಾದವರೂ ಇದ್ದಾರೆ. ಹೆರಿಗೆಯ ಹೊತ್ತಿಗೆ ಹೊಕ್ಕುಳಬಳ್ಳಿಯ ರಕ್ತವನ್ನು ಮಗುವಿನ ಮುಂದಿನ ಬಳಕೆಗೆಂದೇ ಖಾಸಗಿ ಬ್ಯಾಂಕಿನಲ್ಲಿಡಲು ಸಾವಿರಾರು ರೂಪಾಯಿ ಕಟ್ಟುವ ಮನೆಗಳಿವೆ. ಹಾಗಿಡಲು ವೈಜ್ಞಾನಿಕ ಆಧಾರವಿಲ್ಲ ಎಂದು ಅದೇ 2017ರ ಮಾರ್ಗಸೂಚಿ ಹೇಳಿದೆ. ಅದೇ ಊರಿನಲ್ಲಿ ರಕ್ತದ ಕ್ಯಾನ್ಸರಿನ ಮಗುವೊಂದು ಮೂಳೆಮಜ್ಜೆ ಕಸಿಗೆ ಎಚ್‌ಎಲ್‌ಎ ಹೊಂದುವ ದಾನಿ ಸಿಗದೆ ಕಾಯುತ್ತಿರುತ್ತದೆ, ಏಕೆಂದರೆ ದಾನಿಗಳ ಪಟ್ಟಿಯಲ್ಲಿ ಅದರ ಸಮುದಾಯದವರೇ ಇಲ್ಲ. ಬೆಂಗಳೂರಿನ ಡಿಕೆಎಂಎಸ್ ಫೌಂಡೇಶನ್, ಚೆನ್ನೈನ ದಾತ್ರಿ ಇಂಥ ಪಟ್ಟಿಗಳನ್ನು ನಡೆಸುತ್ತಿವೆ. ಹೆಸರು ಬರೆಸಲು ಸೂಜಿ ಬೇಡ, ರಕ್ತ ಬೇಡ. ಹತ್ತಿಕಡ್ಡಿಯನ್ನು ಕೆನ್ನೆಯ ಒಳಗೆ ಸವರಿ ಕೊಟ್ಟರೆ ಆಯಿತು.